ಜೇನುಪೆಟ್ಟಿಗೆಯ ಬೇಸಿಗೆ, ಆಟಿಯ ಲೆಕ್ಕ

ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾಗಿ, ಮತ್ತೆ ತಾಮ್ರದ ಬಣ್ಣದ ಚಿಗುರು ಹೊತ್ತವೆಂದರೆ ಪುತ್ತೂರು–ಸುಳ್ಯದ ಕಡೆ ಜೇನು ಸಾಕುವವರಿಗೆ ಬೇಸಿಗೆ ಶುರುವಾದ ಹಾಗೆ. ಫೆಬ್ರುವರಿ, ಮಾರ್ಚಿನಲ್ಲಿ ಪೆಟ್ಟಿಗೆ ತುಂಬುವುದು ಹೂವಿನಿಂದಲ್ಲ, ಆ ಎಳೆ ಎಲೆಯ ತೊಟ್ಟಿನ ತುದಿಯಲ್ಲಿ ಜಿನುಗುವ ಮಕರಂದದಿಂದ. ಜೊತೆಗೆ ನೇರಳೆ, ಕುಂಟಾಲದಂಥ ಕಾಡುಮರಗಳು. ಪರಾಗಕ್ಕೆ ತೆಂಗು, ಅಡಿಕೆ ಇದ್ದೇ ಇವೆ.

ನಾನು ಜೇನನ್ನೇ ನಂಬಿ ಬದುಕುವವನಲ್ಲ. ಪೇಟೆಯಲ್ಲಿ ನೌಕರಿ, ತೋಟದ ಅಂಚಿನಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆ, ಕೈಗೆ ಸಿಗುವುದು ಮುಂಜಾನೆ ಮತ್ತು ಭಾನುವಾರ. ಆರಂಭದಲ್ಲಿ ಓದಿದ್ದೆಲ್ಲ ಹೊರದೇಶದ ಪುಸ್ತಕ, ನೋಡಿದ್ದೆಲ್ಲ ಅಲ್ಲಿನ ವಿಡಿಯೊ. ಅವರ ಬೇಸಿಗೆಯ ದುಡಿಮೆಯೆಲ್ಲ ಹಿಮದ ತಿಂಗಳುಗಳನ್ನು ದಾಟುವುದಕ್ಕೆ. ನಮ್ಮಲ್ಲಿ ಚಳಿಗಾಲವೇ ಜೇನಿಗೆ ಸುಗ್ಗಿ. ಕುಟುಂಬ ಪಾಲಾಗುವುದು, ಹೊಸ ರಾಣಿ ಏಳುವುದು ಹೆಚ್ಚಾಗಿ ಆಗಲೇ. ಕಷ್ಟಕಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಹೂವಿದ್ದರೂ ಮಳೆ ಹೊರಗೆ ಬಿಡುವುದಿಲ್ಲ, ಬಿಟ್ಟರೂ ಮಕರಂದ ತೊಳೆದುಹೋಗಿರುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಗೆ ಏನು ಮಾಡಹೊರಟರೂ ಜಡಿಮಳೆಯ ಆಟಿ ತಿಂಗಳಲ್ಲಿ ಇದರಿಂದ ಅದಕ್ಕೇನು ಉಪಕಾರ ಎಂದು ಕೇಳಿಕೊಳ್ಳುವುದು ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ.

ಹಾಗೆ ಕೇಳಿಕೊಂಡಾಗ ಮೊದಲು ಕಡಿಮೆಯಾದದ್ದು ಮುಚ್ಚಳ ತೆಗೆಯುವ ಚಪಲ. ಪಕ್ಕದ ತೋಟದ ಹಿರಿಯರೊಬ್ಬರು ಬೇಲಿಯಾಚೆಯಿಂದ ಹೇಳಿದ್ದುಂಟು: "ಅಡಿಗಡಿಗೆ ತೆಗ್ದು ನೋಡಿದ್ರೆ ಅದಕ್ಕೆ ಸಂಸಾರ ಮಾಡ್ಲಿಕ್ಕೆ ಪುರುಸೊತ್ತು ಬೇಡ್ವಾ ಮಾರಾಯ?" ತುಡುವೆ ಮುನಿಸಿನ ಜಾತಿ. ಕಿರುಕುಳ ಹೆಚ್ಚಾದರೆ, ಇರುವೆ ನುಗ್ಗಿದರೆ, ಬಿಸಿಲು ಬಡಿದರೆ ಇಡೀ ಕುಟುಂಬ ಗೂಡು ಬಿಟ್ಟು ಹಾರಿಬಿಡುತ್ತದೆ. ಒಳಗಿನ ಸುದ್ದಿಯಲ್ಲಿ ಮುಕ್ಕಾಲು ಪಾಲು ಬಾಗಿಲಲ್ಲೇ ಸಿಗುತ್ತದೆ ಎಂಬುದು ಅವರಿಂದ ಕಲಿತ ಪಾಠ. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ನೊಣಗಳು ಅವಸರದಲ್ಲಿ ಒಳಹೋಗುತ್ತಿದ್ದರೆ ಮರಿಗಳಿವೆ, ಅಂದರೆ ರಾಣಿ ಮೊಟ್ಟೆಯಿಡುತ್ತಿದ್ದಾಳೆ. ಪರಾಗ ಬರುವುದು ನಿಂತು, ನೊಣಗಳು ಬಾಗಿಲಲ್ಲಿ ಸುಮ್ಮನೆ ಸುಳಿದಾಡುತ್ತಿದ್ದರೆ ಆಗ ಮುಚ್ಚಳ ತೆಗೆಯುವುದಕ್ಕೆ ಕಾರಣವಿದೆ.

ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುವ ನೊಣಗಳನ್ನು ನೋಡುತ್ತ ಕೂರುವುದು ನನ್ನ ಬೇಸಿಗೆಯ ದೊಡ್ಡ ಸೋಮಾರಿತನ. ತುಡುವೆ ತಲೆಯನ್ನು ಹೊರಗಡೆ ಮಾಡಿ ಬೀಸುತ್ತದೆ, ಗಾಳಿ ಒಳಕ್ಕೆ ಹೋಗುತ್ತದೆ. ಇಟಾಲಿಯನ್ ಜೇನು ಇದಕ್ಕೆ ತದ್ವಿರುದ್ಧ: ತಲೆ ಗೂಡಿನ ಕಡೆ, ಒಳಗಿನ ಬಿಸಿ ಗಾಳಿ ಹೊರಕ್ಕೆ. ಮರಿಗಳಿರುವ ಎರಿಯ ಶಾಖ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ಅದಕ್ಕಾಗಿ ಹೊರಗಿನಿಂದ ನೀರು ತಂದು ಒಳಗೆ ಹನಿಹನಿಯಾಗಿ ಹರಡಿ, ಗಾಳಿ ಬೀಸಿ ಆರಿಸುತ್ತವೆ. ಏಪ್ರಿಲಿನ ಸೆಕೆಯಲ್ಲಿ ಮಕರಂದ ತರಬೇಕಾದ ನೊಣಗಳು ನೀರು ಹೊರುವ ಕೂಲಿಗೆ ಇಳಿಯುತ್ತವೆ. ನಾವು ನೆರಳು ಕೊಟ್ಟಷ್ಟೂ ಆ ಕೂಲಿ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಬರೀ ತಗಡು ಹೊದಿಸುವುದಕ್ಕಿಂತ ಅಡಿಕೆ ಸೋಗೆ ಹಾಸುವುದು ಎಷ್ಟೋ ಮೇಲು. ಬೆಳಗಿನ ಬಿಸಿಲು ಬೀಳಲಿ, ಹನ್ನೊಂದರ ನಂತರದ್ದು ಬೇಡ.

ನೀರಿನ ವಿಷಯದಲ್ಲಿ ಒಂದು ಜಾಣತನ ಬೇಕು. ಸೆಕೆ ಏರುವ ಮೊದಲೇ ಅಗಲ ಪಾತ್ರೆಯಲ್ಲಿ ನೀರು ತುಂಬಿ, ಕೂರುವುದಕ್ಕೆ ಜಲ್ಲಿಕಲ್ಲು, ತೆಂಗಿನ ಸಿಪ್ಪೆ ಹಾಕಿಡಬೇಕು. ತಡವಾದರೆ ಅವು ನೆರೆಮನೆಯ ಹಟ್ಟಿಯ ತೊಟ್ಟಿಯನ್ನೋ ಬಚ್ಚಲಿನ ನಳ್ಳಿಯನ್ನೋ ಕಂಡುಕೊಳ್ಳುತ್ತವೆ. ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ, ನೆರೆಯವರ ಮುಖ ನೋಡುವುದು ಇನ್ನೂ ಕಷ್ಟ. ತೋಟಕ್ಕೆ ಸ್ಪ್ರಿಂಕ್ಲರ್ ಇದ್ದರೆ ನೊಣಗಳಿಗೆ ಅನುಕೂಲವೇ, ಆದರೆ ಅದರ ಚಿಮ್ಮು ಪೆಟ್ಟಿಗೆಗೆ ಬಡಿಯುವಂತಿರಬಾರದು.

ಇರುವೆಯ ಕಾಟಕ್ಕೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಗೆರಟೆಯಲ್ಲಿ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಆ ನೀರು ಆರುವುದೂ ಅಷ್ಟೇ ಬೇಗ. ಒಂದು ಒಣ ಎಲೆ ಬಿದ್ದರೂ ಸೇತುವೆ ಸಿದ್ಧ. ಕೆಂಪು ಚಿಗಳಿಗಂತೂ ನೆಲವೇ ಬೇಡ, ಕೊಕ್ಕೊ ಗಿಡದ ಕೊಂಬೆ ಮುಚ್ಚಳಕ್ಕೆ ತಾಗಿದರೆ ಸಾಕು. ಬೆಳಿಗ್ಗೆ ಹಲ್ಲುಜ್ಜುತ್ತ ನಾಲ್ಕು ಪೆಟ್ಟಿಗೆಗೂ ಒಂದು ಸುತ್ತು ಹಾಕಿದರೆ ಈ ಕೆಲಸ ಮುಗಿಯುತ್ತದೆ.

ವಾರಕ್ಕೊಮ್ಮೆ ಅಡಿಮಣೆ ಗುಡಿಸುವುದನ್ನು ಮಾತ್ರ ನಾನು ತಪ್ಪಿಸುವುದಿಲ್ಲ. ತುಡುವೆ ಹಳೆಯ ಕಪ್ಪು ಎರಿಯನ್ನು ತಾನೇ ಕಡಿದು ಉದುರಿಸುತ್ತದೆ. ಆ ಮೇಣದ ಪುಡಿಯಲ್ಲೇ ಮೇಣದ ಪತಂಗದ ಹುಳು ಬೆಳೆದು, ಎರಿಗೆ ಹತ್ತಿ, ಬಲೆ ನೇಯುತ್ತದೆ. ಕಸ ಗುಡಿಸುವಾಗ ಅದರಲ್ಲೂ ಸುದ್ದಿಯಿರುತ್ತದೆ. ಬಲೆಯ ಎಳೆ ಕಂಡರೆ ಕುಟುಂಬ ದುರ್ಬಲವಾಗಿದೆ, ತನಗಿರುವಷ್ಟು ಎರಿಯನ್ನು ಕಾಯಲು ಅದಕ್ಕೆ ಜನ ಸಾಲದು. ಖಾಲಿ ಎರಿಗಳನ್ನು ತೆಗೆದು ಗೂಡನ್ನು ಚಿಕ್ಕದು ಮಾಡಬೇಕು.

ಮುಚ್ಚಳ ತೆಗೆಯಲೇಬೇಕಾದ ದಿನ ಬೆಳಿಗ್ಗೆ ಬೇಗ ತೆಗೆಯಬೇಕು. ಹೊಗೆತಿದಿಯಲ್ಲಿ ತೆಂಗಿನ ಸಿಪ್ಪೆಯ ತೆಳು ಹೊಗೆ ಎರಡು ಸಲ ಊದಿದರೆ ಧಾರಾಳ. ಹೆಚ್ಚಾದರೆ ತುಡುವೆ ಗಾಬರಿಯಿಂದ ಓಡಾಡತೊಡಗುತ್ತದೆ. ಅದು ಅಂಟು ತಂದು ಮೆತ್ತುವುದಿಲ್ಲವಾದ್ದರಿಂದ ಚೌಕಟ್ಟುಗಳು ಸಲೀಸಾಗಿ ಏಳುತ್ತವೆ. ನಾವು ಬಳಸುವುದು ಹೆಚ್ಚಾಗಿ ನ್ಯೂಟನ್ ಪೆಟ್ಟಿಗೆ. ಫಾದರ್ ನ್ಯೂಟನ್ ಎಂಬ ಪಾದ್ರಿ ಕಳೆದ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯಲ್ಲಿದ್ದು ತುಡುವೆಯ ಮೈಕಟ್ಟಿಗೆ ಸರಿಯಾಗಿ ರೂಪಿಸಿದ್ದು. ಬೇಸಿಗೆಯಲ್ಲಿ ಹೊಸ ಎರಿ ಮೆತ್ತಗಾಗಿ ಜೇನಿನ ಭಾರಕ್ಕೆ ಜಗ್ಗುತ್ತಿರುತ್ತದೆ. ಅದನ್ನು ಪುಸ್ತಕದ ಪುಟದ ಹಾಗೆ ಮಗುಚಿದರೆ ಕಳಚಿ ಕೆಳಗೆ ಬಿತ್ತೆಂದೇ ಲೆಕ್ಕ. ನೆಟ್ಟಗೇ ಹಿಡಿದು ತಿರುಗಿಸಬೇಕು.

ಒಳಗೆ ನೋಡಬೇಕಾದದ್ದು ಮುಚ್ಚಿದ ಮರಿಕೋಣೆಗಳನ್ನು. ಗಂಡುನೊಣದ ಕೋಣೆಯ ಮುಚ್ಚಳದಲ್ಲಿ ಸೂಜಿ ಚುಚ್ಚಿದಷ್ಟು ತೂತಿರುವುದು ತುಡುವೆಯಲ್ಲಿ ಸಹಜ, ಹೊಸಬರು ಅದನ್ನು ಕಂಡು ಹೆದರುತ್ತಾರೆ. ಹೆದರಬೇಕಾದದ್ದು ಕೆಲಸಗಾರ ನೊಣದ ಕೋಣೆ ಅಲ್ಲಲ್ಲಿ ಹರಿದು, ಒಳಗೆ ಮರಿ ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ. ಥಾಯ್ ಸ್ಯಾಕ್‌ಬ್ರೂಡ್ ಅದರ ಹೆಸರು. ತೊಂಬತ್ತರ ದಶಕದ ಆರಂಭದಲ್ಲಿ ಈ ರೋಗ ದಕ್ಷಿಣ ಭಾರತದ ಬಹುಪಾಲು ತುಡುವೆಗಳನ್ನು ಒರೆಸಿಹಾಕಿತು. ಬೇಲಿಯಾಚೆಯ ಹಿರಿಯರ ಜಗಲಿಯಲ್ಲಿ ಆಗ ಖಾಲಿಯಾದ ಪೆಟ್ಟಿಗೆಗಳು ಈಗಲೂ ಅಡಿಕೆ ತುಂಬಿಡುವುದಕ್ಕೆ ಬಳಕೆಯಾಗುತ್ತಿವೆ. ಅವರು ಇನ್ನೊಬ್ಬರ ಚೌಕಟ್ಟನ್ನು ತಮ್ಮ ಪೆಟ್ಟಿಗೆಗೆ ಇಳಿಸಲು ಇವತ್ತಿಗೂ ಒಪ್ಪುವುದಿಲ್ಲ. ನಾನೂ ಅದನ್ನೇ ಪಾಲಿಸುತ್ತೇನೆ.

ಮದ್ದು ಬಿಡುವ ದಿನಗಳ ಬಗ್ಗೆ ಯಾವ ಪುಸ್ತಕವೂ ಸಾಕಷ್ಟು ಹೇಳುವುದಿಲ್ಲ. ಗೇರು ಹೂ ಬಿಟ್ಟಾಗ ಚಹಾ ಸೊಳ್ಳೆಗೆ ಕೀಟನಾಶಕ, ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ. ನೆರೆಹೊರೆಯವರಲ್ಲಿ "ಅಣ್ಣಾ, ಮದ್ದು ಬಿಡುವ ಹಿಂದಿನ ದಿನ ಒಂದು ಮಾತು ಹೇಳಿ" ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಜೇನು ಸಾಕುವುದೆಂದರೆ ಅರ್ಧ ನೆರೆಕರೆಯ ಸ್ನೇಹ ಸಾಕುವುದೇ. ಹಿಂದಿನ ರಾತ್ರಿ ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮರುದಿನ ಸಂಜೆಗೆ ತೆರೆದುಬಿಡಬೇಕು. ಸೆಕೆಯಲ್ಲಿ ಅದಕ್ಕಿಂತ ಹೆಚ್ಚು ಕೂಡಿಹಾಕುವಂತಿಲ್ಲ.

ಇನ್ನು ಜೇನು ತೆಗೆಯುವ ಸಂಗತಿ. ಎಲ್ಲರೂ ಕೇಳುವುದು ಇದನ್ನೇ, ಕೆಲಸದಲ್ಲಿ ಇದು ಸಣ್ಣದು. ಮೇಲಿನ ಜೇನು ಕೋಣೆಯ ಎರಿ ಮೂರರಲ್ಲಿ ಎರಡು ಪಾಲು ಮೇಣದಿಂದ ಮುಚ್ಚಿದ್ದರೆ ಮಾತ್ರ ತೆಗೆಯುವುದು. ಮುಚ್ಚದ ಜೇನಿನಲ್ಲಿ ನೀರಿನಂಶ ಹೆಚ್ಚು, ಬಾಟಲಿಯಲ್ಲೇ ಹುಳಿಯುತ್ತದೆ. ನೂರಕ್ಕೆ 20ಕ್ಕಿಂತ ಹೆಚ್ಚು ನೀರಿರಬಾರದೆಂದು ಆಹಾರ ಸುರಕ್ಷತೆಯ ನಿಯಮವೇ ಇದೆ. ನಮ್ಮ ಕರಾವಳಿಯ ಹವೆಯಲ್ಲಿ ಆ ಗೆರೆಯ ಒಳಗಿರಲು ತಾಳ್ಮೆಯೊಂದೇ ಉಪಾಯ. ಸಂಸಾರ ಕೋಣೆಯ ಎರಿಗಳಿಗೆ ಕೈ ಹಾಕುವುದಿಲ್ಲ. ತೆಗೆದ ಮೇಲೆ ಒಂದು ಹನಿ ಜೇನೂ ಪೆಟ್ಟಿಗೆಯ ಸುತ್ತ ಬಿದ್ದಿರಬಾರದು, ಬಿದ್ದರೆ ಒಂದು ಪೆಟ್ಟಿಗೆಯ ನೊಣ ಇನ್ನೊಂದರ ಮೇಲೆ ದಾಳಿಗಿಳಿಯುತ್ತದೆ. ಅಂದಹಾಗೆ ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ. ಬೆಂಗಳೂರಿನ ನೆಂಟರು ಪ್ರತಿ ವರ್ಷ ಫೋನು ಮಾಡಿ, ಸಕ್ಕರೆ ಹಾಕಿದ್ದೀಯಾ ಎಂದು ನಯವಾಗಿ ವಿಚಾರಿಸುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ ಎನ್ನುತ್ತೇನೆ.

ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ಜೇನು ಕೋಣೆಗಳನ್ನು ಇಳಿಸಿ, ಬಾಗಿಲು ಕಿರಿದು ಮಾಡಿ, ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆಯನ್ನು ತುಸು ಮುಂದಕ್ಕೆ ವಾಲಿಸಿಡುವುದು ಕ್ರಮ. ಹಿಂದಿನಿಂದ ಒಂದು ಕೈಯಲ್ಲಿ ಎತ್ತಿ ನೋಡಿದರೆ ದಾಸ್ತಾನು ತಿಳಿಯುತ್ತದೆ. ಈ ಸಲ ಮೂರು ಭಾರವಾಗಿವೆ, ನಾಲ್ಕನೆಯದು ಹಗುರ. ಮಳೆಗಾಲ ಪೂರ್ತಿ ಸಕ್ಕರೆ ನೀರು ಕೊಟ್ಟು ದಾಟಿಸಬಹುದು ಎಂದು ನನ್ನ ವಾದ. ಪಕ್ಕದ್ದಕ್ಕೆ ಸೇರಿಸಿಬಿಡು ಎನ್ನುತ್ತಾನೆ ನನ್ನ ಭಾವ. ಅವನು ಹೇಳುವುದೇ ಸರಿ. ಆದರೆ ಹಗುರದ ಪೆಟ್ಟಿಗೆಯ ರಾಣಿ ಈ ವರ್ಷದವಳು, ಪಕ್ಕದವಳು ಹಳಬಳು. ಹಾಗಾಗಿ ತೆಗೆಯಬೇಕಾದದ್ದು ಭಾರದ ಪೆಟ್ಟಿಗೆಯ ರಾಣಿಯನ್ನು. ಎರಡನ್ನೂ ದಿನಕ್ಕೆ ಒಂದೊಂದಡಿಯಂತೆ ಹತ್ತಿರ ತರುತ್ತಿದ್ದೇನೆ. ಬರುವ ಭಾನುವಾರ ಮುಸ್ಸಂಜೆಗೆ ತೂತು ಚುಚ್ಚಿದ ಪೇಪರು ನಡುವೆ ಹಾಸಿ ಒಂದರ ಮೇಲೊಂದು ಇಡಬೇಕು.