ಅಗ್ಗದ ಚಹಾ ಬೇಡವಾದದ್ದೇಕೆ? ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ: ಒಂದು ಪಾಠಾನುಭವ

ತರಗತಿ: 9
ವಿಷಯ: ಸಮಾಜ ವಿಜ್ಞಾನ (ಇತಿಹಾಸ)
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು
ಬೋಧನೋಪಕರಣಗಳು: ಪ್ರಪಂಚದ ಭೂಪಟ, ಕಾಲರೇಖೆ, ಪ್ರಶ್ನೆಚೀಟಿಗಳು

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವನ್ನು ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಪಟ್ಟಿಗಳಾಗಿ ಬರೆಸುವುದು ರೂಢಿ. ಪರೀಕ್ಷೆಗೆ ಅದು ಸಾಕಾಗುತ್ತದೆ. ಆದರೆ ಒಂದು ಘಟನೆ ಮುಂದಿನದಕ್ಕೆ ಹೇಗೆ ಕಾರಣವಾಯಿತು ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಅಭ್ಯಾಸ ಬೋಧನೆಯಲ್ಲಿ ಈ ಘಟಕ ನನ್ನ ಪಾಲಿಗೆ ಬಂದಾಗ ಎರಡು ಅವಧಿಗಳನ್ನು ಎರಡು ಪ್ರಶ್ನೆಗಳ ಸುತ್ತ ಯೋಜಿಸಿದೆ.

ಮೊದಲ ಅವಧಿ: ಚಹಾ ಅಗ್ಗವಾಗಿದ್ದರೂ ಸಮುದ್ರಕ್ಕೆ ಎಸೆದದ್ದೇಕೆ?

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಕಾರಣ ಕೇಳಿದಾಗ ಹೆಚ್ಚಿನ ಮಕ್ಕಳು ಹೇಳಿದ್ದು, ‘ತೆರಿಗೆಯಿಂದ ಬೆಲೆ ಏರಿತ್ತು’ ಎಂದು. ಆಗ ನಾನು ಒಂದು ಸಂಗತಿಯನ್ನು ಮುಂದಿಟ್ಟೆ. ಅದೇ ವರ್ಷದ ಚಹಾ ಕಾಯ್ದೆಯಿಂದ ಬೆಲೆ ಇಳಿದಿತ್ತು. ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಲಂಡನ್ನಿನ ಗೋದಾಮುಗಳಲ್ಲಿ ಕೊಳೆಯುತ್ತಿತ್ತು. ಅದನ್ನು ನೇರವಾಗಿ ವಸಾಹತುಗಳಿಗೆ ಕಳುಹಿಸಲು ಸಂಸತ್ತು ಅನುಮತಿ ನೀಡಿತು. ಆದರೆ ಪೌಂಡಿಗೆ ಮೂರು ಪೆನ್ಸ್ ಸುಂಕವನ್ನು ಉಳಿಸಿಕೊಂಡಿತು.

ಹಾಗಾದರೆ ಸಿಟ್ಟೇಕೆ? ಇಲ್ಲಿ ಮಕ್ಕಳ ಅನುಭವಕ್ಕೆ ಹತ್ತಿರದ ಉದಾಹರಣೆ ಬಳಸಿದೆ: ‘ಪಕ್ಕದ ಶಾಲೆಯವರು ಸಭೆ ಸೇರಿ, ನಿಮ್ಮನ್ನು ಕೇಳದೆಯೇ, ನೀವು ತಲಾ ಒಂದು ರೂಪಾಯಿ ಕೊಡಬೇಕೆಂದು ತೀರ್ಮಾನಿಸಿದರೆ ಕೊಡುತ್ತೀರಾ?’ ಒಬ್ಬ ಹುಡುಗಿ ಎದ್ದುನಿಂತು, ‘ಒಂದು ರೂಪಾಯಿ ದೊಡ್ಡದಲ್ಲ. ಇವತ್ತು ಕೊಟ್ಟರೆ ನಾಳೆ ಹತ್ತು ಕೇಳುತ್ತಾರೆ’ ಎಂದಳು. ವಸಾಹತುಗಾರರ ವಾದವೂ ಇದೇ. ಬ್ರಿಟಿಷ್ ಸಂಸತ್ತಿನಲ್ಲಿ ಅವರ ಪ್ರತಿನಿಧಿಗಳಿರಲಿಲ್ಲ. ಸುಂಕ ಕೊಟ್ಟರೆ ತೆರಿಗೆ ವಿಧಿಸುವ ಹಕ್ಕನ್ನೇ ಒಪ್ಪಿದಂತಾಗುತ್ತಿತ್ತು. ಕಂಪನಿಯ ಏಕಸ್ವಾಮ್ಯದ ಭಯ ಸ್ಥಳೀಯ ವರ್ತಕರಿಗೂ ಇತ್ತು.

ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಕಾಲರೇಖೆ ಎಳೆದೆವು. 1763ರಲ್ಲಿ ಮುಗಿದ ಸಪ್ತವಾರ್ಷಿಕ ಯುದ್ಧ ಬ್ರಿಟನ್ನಿನ ಸಾಲ ಹೆಚ್ಚಿಸಿತು. ಅದಕ್ಕಾಗಿ 1765ರ ಸ್ಟ್ಯಾಂಪ್ ಕಾಯ್ದೆ ಬಂತು. ಚಹಾ ಪ್ರಕರಣಕ್ಕೆ ಶಿಕ್ಷೆಯಾಗಿ 1774ರಲ್ಲಿ ಬೋಸ್ಟನ್ ಬಂದರು ಮುಚ್ಚಿತು. ಆ ಶಿಕ್ಷೆಯೇ ವಸಾಹತುಗಳನ್ನು ಫಿಲಡೆಲ್ಫಿಯಾದಲ್ಲಿ ಒಟ್ಟುಗೂಡಿಸಿತು. 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯಾಯಿತು.

ನಮ್ಮ ನಾಡಿನ ನಂಟು

ಕಾಲರೇಖೆಯ ಕೆಳಗೆ ಮೈಸೂರಿಗೆ ಇನ್ನೊಂದು ಗೆರೆ ಎಳೆಸಿದೆ. 1778ರಲ್ಲಿ ಫ್ರಾನ್ಸ್ ಅಮೆರಿಕದ ಮಿತ್ರನಾಯಿತು. ಬ್ರಿಟನ್–ಫ್ರಾನ್ಸ್ ಕಾದಾಟ ಭಾರತಕ್ಕೂ ಹಬ್ಬಿ, 1779ರಲ್ಲಿ ಬ್ರಿಟಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರಾಲಿಗೆ ಸಾಮಗ್ರಿ ಬರುತ್ತಿದ್ದ ಬಂದರು ಅದು. 1780ರಲ್ಲಿ ಎರಡನೆಯ ಆಂಗ್ಲೋ–ಮೈಸೂರು ಯುದ್ಧ ಆರಂಭವಾಗಲು ಇದೂ ಒಂದು ಕಾರಣ. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂಬ ಹೆಸರಿತ್ತು. ಅದು ಬ್ರಿಟಿಷರ ನೌಕೆಯೊಂದನ್ನು ಸೆರೆಹಿಡಿಯಿತು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನೂ ಅವನೇ. ಈ ಹೆಸರು ಕೇಳುತ್ತಲೇ ಹಿಂದಿನ ಬೆಂಚಿನವರೂ ಭೂಪಟದ ಬಳಿ ಬಂದರು.

ಎರಡನೆಯ ಅವಧಿ: ಎಲ್ಲರೂ ಸಮಾನರು ಎಂದಾಗ ‘ಎಲ್ಲರೂ’ ಯಾರು?

ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಎಲ್ಲ ಮನುಷ್ಯರೂ ಸಮಾನರೆಂದ. ಅವನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರು ಅವನ ಒಡೆತನದಲ್ಲಿದ್ದರು. ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವೊಂದಿತ್ತು. ಕಾಂಗ್ರೆಸ್ ಅದನ್ನು ತೆಗೆದುಹಾಕಿತು. 1775ರಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ತನ್ನ ಸೇನೆ ಸೇರಿದರೆ ಬಿಡುಗಡೆ ನೀಡುವುದಾಗಿ ಸಾರಿದ.

ತರಗತಿಯನ್ನು ನಾಲ್ಕು ಗುಂಪುಗಳಾಗಿ ಮಾಡಿ ಚೀಟಿ ಕೊಟ್ಟೆ: ಬೋಸ್ಟನ್ನಿನ ವರ್ತಕ, ವರ್ಜೀನಿಯಾದ ಗುಲಾಮ, ಒಬ್ಬ ಗೃಹಿಣಿ, ಒಬ್ಬ ಮೂಲನಿವಾಸಿ. ‘ನಿಮಗೆ ಈ ಯುದ್ಧದಿಂದ ಏನು ಸಿಗಬಹುದು?’ ಎಂಬುದು ಎಲ್ಲರಿಗೂ ಒಂದೇ ಪ್ರಶ್ನೆ. ಗುಲಾಮರ ಪಾತ್ರದ ಗುಂಪು ತನ್ನೊಳಗೇ ಜಗಳವಾಡಿತು. ‘ನಾವು ಬ್ರಿಟಿಷರ ಕಡೆ ಹೋಗುತ್ತೇವೆ’ ಎಂದು ಅರ್ಧದಷ್ಟು ಮಂದಿ. ‘ಅವರೂ ಗುಲಾಮರನ್ನು ಇಟ್ಟುಕೊಂಡವರೇ ಅಲ್ಲವೇ’ ಎಂದು ಉಳಿದವರು. ಆ ಚರ್ಚೆಯನ್ನು ನಾನು ತಡೆಯಲಿಲ್ಲ. ಸ್ವಾತಂತ್ರ್ಯ ಎಂಬ ಪದ ನಿಂತ ಜಾಗಕ್ಕೆ ತಕ್ಕಂತೆ ಬೇರೆಯಾಗಿ ಕೇಳಿಸುತ್ತದೆಂಬುದು ನನ್ನ ವಿವರಣೆಗಿಂತ ಆ ಜಗಳದಲ್ಲಿ ಹೆಚ್ಚು ಸ್ಪಷ್ಟವಾಯಿತು.

ನಂತರ ರಾಷ್ಟ್ರನಿರ್ಮಾಣಕ್ಕೆ ಬಂದೆವು. 1783ರ ಪ್ಯಾರಿಸ್ ಒಪ್ಪಂದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. 1787ರಲ್ಲಿ ಸಂವಿಧಾನ ರಚನೆಯಾಗಿ, 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷನಾದ. ರಾಜನಿಲ್ಲದ ಲಿಖಿತ ವ್ಯವಸ್ಥೆ, ಅಧಿಕಾರದ ವಿಭಜನೆ ದೊಡ್ಡ ಸಾಧನೆಗಳೇ. ಆದರೆ 1790ರ ಜನಗಣತಿಯ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದಷ್ಟು ಗುಲಾಮರಿದ್ದರು. ಗುಲಾಮಗಿರಿ 1865ರಲ್ಲಿ ರದ್ದಾಯಿತು. ದೇಶದಾದ್ಯಂತ ಮಹಿಳೆಯರ ಮತದ ಹಕ್ಕಿಗೆ ಸಂವಿಧಾನದ ರಕ್ಷಣೆ ಸಿಕ್ಕಿದ್ದು 1920ರಲ್ಲಿ.

ಮೌಲ್ಯಮಾಪನ

1. ಬೆಲೆ ಇಳಿದಿದ್ದರೂ ಚಹಾವನ್ನು ವಿರೋಧಿಸಿದ್ದೇಕೆ?
2. ಬೋಸ್ಟನ್ ಬಂದರು ಮುಚ್ಚಿದ್ದು ಬ್ರಿಟನ್ನಿಗೇ ಹೇಗೆ ಮುಳುವಾಯಿತು?
3. 1776ರಲ್ಲಿ ನೀಡಿದ ಮಾತು ಯಾರಿಗೆ, ಯಾವಾಗ ತಲುಪಿತು? ಕಾಲರೇಖೆ ರಚಿಸಿ.

ಮೂರನೆಯ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ ಗೆರೆಯ ಕೊನೆಗೆ ಬಾಣದ ಗುರುತು ಹಾಕಿ ತಂದಿದ್ದ. ಏಕೆಂದು ಕೇಳಿದೆ. ‘ಇನ್ನೂ ತಲುಪದವರು ಇರಬಹುದಲ್ಲ’ ಎಂದ. ಪೂರ್ಣ ಅಂಕ ಕೊಟ್ಟೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಗುಂಪು ಚರ್ಚೆಗೆ ಕನಿಷ್ಠ 15 ನಿಮಿಷ ಮೀಸಲಿಡಿ. ಇಸವಿಗಳನ್ನು ಪಠ್ಯಪುಸ್ತಕ ಮತ್ತೆ ಕಲಿಸಬಲ್ಲದು. ಆ ಜಗಳ ತರಗತಿಯಲ್ಲಿ ಮಾತ್ರ ಸಿಗುತ್ತದೆ.