ಇನ್‌ಸ್ಪೆಕ್ಷನ್‌ನಲ್ಲಿ ನಿಂತುಹೋದ ಮಾರುತ್

ಮೇಡಂ, ನನ್ನ ತೊಂದರೆ ಕೇಳಿದರೆ ನಿಮಗೆ ನಗು ಬರಬಹುದು. ನನಗೆ 61 ವರ್ಷ. ವಿಮಾನ ಕಾರ್ಖಾನೆಯಲ್ಲಿ 34 ವರ್ಷ ಫಿಟ್ಟರ್ ಆಗಿ ದುಡಿದು ಹೋದ ವರ್ಷ ನಿವೃತ್ತನಾದೆ. ಸ್ಕೇಲ್ ಮಾಡೆಲ್ ವಿಮಾನ ಕಟ್ಟುವುದು ನನ್ನ ಹವ್ಯಾಸ. ನಮ್ಮದೊಂದು ಸಣ್ಣ ಗುಂಪಿದೆ. ತಿಂಗಳಿಗೊಂದು ಭಾನುವಾರ ಆರೇಳು ಮಂದಿ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಕಟ್ಟಿದ್ದನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿದು ಹರಟುತ್ತೇವೆ. ನಿವೃತ್ತಿಯಾದ ಮೇಲೆ ನಾನು ಎದುರು ನೋಡುತ್ತಿದ್ದುದು ಅದೊಂದೇ ದಿನವನ್ನು.

ಕಳೆದ ಸಲ ಎಚ್‌ಎಫ್-24 ಮಾರುತ್ ಒಯ್ದಿದ್ದೆ. 1:72 ಅಳತೆಯ ರೆಸಿನ್ ಕಿಟ್, ಹೊರದೇಶದಿಂದ ತರಿಸಿದ್ದು. ನಮ್ಮ ತಂದೆಯವರೂ ಅದೇ ಕಾರ್ಖಾನೆಯಲ್ಲಿ ಮಾರುತ್ ರೆಕ್ಕೆಗೆ ರಿವೆಟ್ ಹೊಡೆದವರಾದ್ದರಿಂದ ಆ ವಿಮಾನ ನನಗೆ ಹೊಸದೇನಲ್ಲ. ಗುಂಪಿನಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗ ಇದ್ದಾನೆ. ಅವನು ಎಲ್ಲರೆದುರೇ ಮೊಬೈಲಿನಲ್ಲಿ ಹಳೇ ಫೋಟೊ ತೆಗೆದು ಪಕ್ಕಕ್ಕೆ ಹಿಡಿದು, “ಸರ್, ಈ ಹಸಿರು ತಪ್ಪು. ಇನ್‌ಟೇಕ್ ಹತ್ರ ಜಾಯಿಂಟ್ ಕಾಣಿಸ್ತಿದೆ. ರಿವೆಟ್ ಲೈನೂ ಇಲ್ಲ” ಅಂದ. ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದು ಬಣ್ಣವೆಲ್ಲ ಕೆರೆದು ಹಾಕಿದೆ.

ಆಮೇಲೆ ನಾಲ್ಕು ಸಲ ಬಳಿದೆ, ನಾಲ್ಕು ಸಲವೂ ಕೆರೆದೆ. ಒಂದು ಸಲ ಬಣ್ಣ ಸಿಪ್ಪೆ ಎದ್ದಿತು. ಜುಲೈನಲ್ಲಿ ಬಳಿದದ್ದು ಮಂಜು ಕವಿದ ಹಾಗೆ ಬೆಳ್ಳಗಾಯಿತು. ಮೂರು ತಿಂಗಳಿಂದ ಗುಂಪಿನ ಕಡೆ ಹೋಗಿಲ್ಲ. ಬಿಚ್ಚದೆ ಇಟ್ಟ ಕಿಟ್‌ಗಳು ಬೀರುವಿನಲ್ಲಿ 40ಕ್ಕೂ ಮಿಕ್ಕಿ ಇವೆ, ಯಾವುದನ್ನೂ ಮುಟ್ಟಲು ಮನಸ್ಸಿಲ್ಲ. ಥಿನ್ನರ್ ವಾಸನೆಗೆ ತಲೆ ಸಿಡಿಯುತ್ತದೆ, ಪುಟ್ಟಿಗೆ ಕೆಮ್ಮು ಎಂದು ಮನೆಯವರ ಗೊಣಗಾಟ ಬೇರೆ (ಪುಟ್ಟಿ ಎಂದರೆ ಎರಡು ವರ್ಷದ ಮೊಮ್ಮಗಳು). ಈ ವಯಸ್ಸಿನಲ್ಲಿ ಒಂದು ಗೊಂಬೆ ವಿಮಾನಕ್ಕಾಗಿ ನಿದ್ದೆ ಕೆಡುವುದು ಮನಸ್ಸಿನ ಕಾಯಿಲೆಯೇ?

– ಹೆಸರು ಬೇಡ, ವಿಮಾನಪುರ, ಬೆಂಗಳೂರು

ಕಾಯಿಲೆಯಲ್ಲ. ಆದರೆ ನೀವು ಕಟ್ಟಕಡೆಗೆ, ‘ಗೊಣಗಾಟ ಬೇರೆ’ ಎಂದು ಬರೆದು ದಾಟಿಸಿದ ವಿಷಯವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಗೊಣಗಾಟವಲ್ಲ ಸ್ವಾಮಿ. ನಿಮ್ಮ ಮನೆಯವರು ಹೇಳುತ್ತಿರುವುದು ಅಕ್ಷರಶಃ ಸರಿ. ಲ್ಯಾಕರ್ ಥಿನ್ನರ್ ಆವಿಯಲ್ಲಿ ಎರಡು ವರ್ಷದ ಕೂಸು ಉಸಿರಾಡಬಾರದು, ನೀವೂ ಉಸಿರಾಡಬಾರದು. ಏರ್‌ಬ್ರಷ್ ಕೆಲಸ ಬಾಲ್ಕನಿಗೆ ಹೋಗಲಿ. ಆವಿಗೆಂದೇ ಬರುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸಾಧ್ಯವಾದರೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ಬದಲಾಯಿಸಿ. ಇನ್ನೊಂದು, ರೆಸಿನ್ ಪುಡಿ. ಪ್ಲಾಸ್ಟಿಕ್ ಕಿಟ್ ಉಜ್ಜಿ ಅಭ್ಯಾಸವಾದವರು ರೆಸಿನ್ನನ್ನೂ ಹಾಗೇ ಒಣದಾಗಿ ಉಜ್ಜುತ್ತಾರೆ. ಆ ನುಣುಪು ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಮರಿ ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಆಗಲೂ ಧೂಳಿನ ಮಾಸ್ಕ್ ಇರಲಿ, ಕೆಲಸವಾದ ಮೇಲೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೇಡುಗಳು ಬೀಗದೊಳಗೆ. ಇಷ್ಟು ಈ ವಾರವೇ ಆಗಲಿ, ಮಿಕ್ಕದ್ದು ನಿಧಾನಕ್ಕೆ.

ಸಿಪ್ಪೆ ಎದ್ದದ್ದು, ಬೆಳ್ಳಗಾದದ್ದು ಎರಡಕ್ಕೂ ನಿಮ್ಮ ಕೈಯನ್ನು ದೂರಬೇಡಿ. ಅಚ್ಚಿನಿಂದ ಬಿಡಿಸಿಕೊಳ್ಳಲು ಸವರಿದ ಜಿಡ್ಡು ರೆಸಿನ್ ಭಾಗಗಳ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಿ ತೊಳೆಯದೆ ಬಣ್ಣ ಕೂರುವುದಿಲ್ಲ. ಜುಲೈನ ಮಂಜಿಗೆ ಕಾರಣ ಮಳೆಗಾಲದ ಹವೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಲ್ಯಾಕರ್ ಬೆಳ್ಳಗೆ ಕವಿಯುತ್ತದೆ. ಬಿಸಿಲು ಬಿದ್ದ ದಿನ ಬಳಿದಿದ್ದರೆ ಆಗುತ್ತಿರಲಿಲ್ಲ. ಇದು ನಿಮಗೆ ಗೊತ್ತಿಲ್ಲದ್ದಲ್ಲ ಎಂದು ನನ್ನ ಗುಮಾನಿ. ಪ್ಯಾನೆಲ್ ಗೆರೆಗಳನ್ನೆಲ್ಲ ಅಳಿಸುವಷ್ಟು ಸಲ ಕೆರೆಯುವ ಮನುಷ್ಯನಿಗೆ ಗೊತ್ತಿರುವುದು ಕೈಗೆ ಒದಗುವುದಿಲ್ಲ, ಅಷ್ಟೆ.

ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಅಣ್ಣನ ಮಗ ಈ ಹುಚ್ಚಿನವನು. ಒಂದು ರಜೆಯಲ್ಲಿ ನನಗೂ ಒಂದು ಜೆಟ್ ವಿಮಾನದ ಕಿಟ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಮೂರು ಸಂಜೆ ಕೂತು ಕಟ್ಟಿದೆ, ಬಣ್ಣ ಹಚ್ಚಿದೆ, ಚಕ್ರ ಅಂಟಿಸಿ ಮೇಜಿನ ಮೇಲಿಟ್ಟೆ. ಅದು ಮೆಲ್ಲಗೆ ಹಿಂದಕ್ಕೆ ವಾಲಿ ಬಾಲ ಊರಿ ಕೂತುಬಿಟ್ಟಿತು, ಎಮ್ಮೆ ಕೂತ ಹಾಗೆ. ಮೂಗಿನಡಿ ಚಕ್ರ ಇರುವ ವಿಮಾನಕ್ಕೆ ಒಡಲು ಮುಚ್ಚುವ ಮುಂಚೆ ಮೂಗಿನೊಳಗೆ ಸೀಸದ ಗುಂಡೋ ನಟ್ಟೋ ತುಂಬಬೇಕಂತೆ. ಅವನು ಹೇಳಲು ಮರೆತಿದ್ದ, ಇಲ್ಲವೇ ನನ್ನನ್ನು ನೋಡಿ ನಗಲೆಂದೇ ಹೇಳಲಿಲ್ಲ. ಆ ವಿಮಾನ ಈಗಲೂ ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಮೂಗೆತ್ತಿಕೊಂಡು ಕೂತಿದೆ. ಒಳಬಂದವರು ಕುರ್ಚಿ ಎಳೆದುಕೊಳ್ಳುವ ಮುಂಚೆ ಅದರ ವಿಚಾರ ಕೇಳುತ್ತಾರೆ. ಸರಿಯಾಗಿ ನಿಂತಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಕೆರೆದು ಕೆರೆದು ಬಳಿಯುವ ಈ ಚಾಳಿಗೆ ನಿಮ್ಮ ಹವ್ಯಾಸದವರೇ ತಮಾಷೆಗೆ ಒಂದು ಹೆಸರಿಟ್ಟುಕೊಂಡಿದ್ದಾರೆ, ಅಡ್ವಾನ್ಸ್ಡ್ ಮಾಡೆಲರ್ಸ್ ಸಿಂಡ್ರೋಮ್ ಅಂತ. ಕೈ ಪಳಗಿದಷ್ಟೂ ಮುಗಿಸುವ ಮಾಡೆಲ್‌ಗಳು ಕಡಿಮೆಯಾಗುತ್ತವೆ, ಬೀರುವಿನಲ್ಲಿ ಕಿಟ್ ಹೆಚ್ಚುತ್ತವೆ. ತಪ್ಪು ಹುಡುಕುವವರಿಗೆ ‘ರಿವೆಟ್ ಕೌಂಟರ್’ ಎಂಬ ಅಡ್ಡಹೆಸರು. ಬೇರೆಯವರಿಗೆ ಅದು ಬೈಗುಳ. ನಿಮ್ಮ ಮನೆಯಲ್ಲಿ ಮಾತ್ರ ಎರಡು ತಲೆಮಾರು ಅದರ ಸಂಬಳದಲ್ಲೇ ಊಟ ಮಾಡಿದೆ. ಕಾರ್ಖಾನೆಯಲ್ಲಿ ಒಂದು ರಿವೆಟ್ ಸಡಿಲವಿದ್ದರೆ ಮೇಲೆ ಒಬ್ಬ ಪೈಲಟ್‌ನ ಜೀವ. 34 ವರ್ಷ ಆ ಕಣ್ಣಿನಲ್ಲೇ ನೋಡಿದವರು ಒಂದೇ ವರ್ಷದಲ್ಲಿ ಬೇರೆ ಕಣ್ಣು ತರುವುದೆಲ್ಲಿಂದ? ಒಂದು ವ್ಯತ್ಯಾಸ ಇದೆ. ಅಲ್ಲಿ ನೀವು ಕೆಲಸ ಮುಗಿಸಿದರೆ ಇನ್‌ಸ್ಪೆಕ್ಟರ್ ಬಂದು ನೋಡಿ, ಸ್ಟಾಂಪ್ ಒತ್ತಿ, ಭಾಗವನ್ನು ಮುಂದಕ್ಕೆ ಕಳಿಸುತ್ತಿದ್ದರು. ನಿಮ್ಮ ಮನೆಯ ಮೇಜಿಗೆ ಸ್ಟಾಂಪ್ ಒತ್ತುವವರು ಯಾರೂ ಬರುವುದಿಲ್ಲ. ಆ ಹುಡುಗ ಬಾಯಿ ತೆರೆದ ಕ್ಷಣ ನೀವು ಅವನನ್ನು ಆ ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕೂರಿಸಿದಿರಿ ಎಂದು ನನಗನ್ನಿಸುತ್ತದೆ. ಅವನಿಗೆ ಪಾಪ, ಅದು ಗೊತ್ತೂ ಇಲ್ಲ.

ಈಗ ಅವನು ಹೇಳಿದ ಮೂರು ಮಾತನ್ನು ನೋಡೋಣ. ನೀವು ಫಿಟ್ಟರ್, ಲೆಕ್ಕ ಕೊಟ್ಟರೆ ಒಪ್ಪುತ್ತೀರಿ.

ರಿವೆಟ್. ಮಾರುತ್‌ನ ಉದ್ದ ಸುಮಾರು 15.87 ಮೀಟರ್. 72ರಿಂದ ಭಾಗಿಸಿದರೆ 22 ಸೆಂಟಿಮೀಟರ್, ನಿಮ್ಮ ಮೇಜಿನ ಮೇಲಿರುವುದು ಅಷ್ಟೇ. ನಾಲ್ಕು ಮಿಲಿಮೀಟರ್ ತಲೆಯ ರಿವೆಟ್ ಈ ಅಳತೆಯಲ್ಲಿ ಎಷ್ಟಾಗುತ್ತದೆ? ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು, ತಲೆಗೂದಲಿನ ದಪ್ಪ. ಇನ್ನೂ ಒಂದು ಲೆಕ್ಕ. ಮಾಡೆಲ್ಲನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ನೋಡುವುದೆಂದರೆ ನಿಜವಾದ ವಿಮಾನವನ್ನು ಸುಮಾರು 22 ಮೀಟರ್ ಆಚೆ ನಿಂತು ನೋಡಿದ ಹಾಗೆ. ಹ್ಯಾಂಗರ್ ಬಾಗಿಲಲ್ಲಿ ಅಷ್ಟು ದೂರ ನಿಂತು ನಿಮ್ಮ ತಂದೆಯವರು ಹೊಡೆದ ರಿವೆಟ್‌ಗಳನ್ನು ಎಣಿಸಲು ನಿಮಗೆ ಆಗುತ್ತಿತ್ತೆ? ತಲೆ ಮಟ್ಟಸವಾಗಿ ಕೂತು ಕಾಣದೇ ಇರುವುದೇ ಒಳ್ಳೆಯ ಕೌಂಟರ್‌ಸಂಕ್ ರಿವೆಟ್‌ನ ಗುಣವಲ್ಲವೆ? ಹುಡುಗ ನೋಡಿದ್ದು ಹತ್ತಿರದಿಂದ ತೆಗೆದ ಫೋಟೊ. ನಿಮ್ಮ ಮಾಡೆಲ್ ಮೇಲೆ ರಿವೆಟ್ ಇಲ್ಲದಿರುವುದೇ ಅಳತೆಗೆ ಸರಿ.

ಹಸಿರು. ಇದರಲ್ಲಿ ಗೆದ್ದವರು ಯಾರೂ ಇಲ್ಲ. ಹಳೇ ಫಿಲ್ಮಿನ ಬಣ್ಣ ವರ್ಷಗಟ್ಟಲೆ ಇಟ್ಟಲ್ಲೇ ಬದಲಾಗುತ್ತದೆ, ಮೊಬೈಲ್ ಪರದೆ ಅದನ್ನು ಇನ್ನಷ್ಟು ಬದಲಾಯಿಸುತ್ತದೆ. ಬಿಸಿಲಲ್ಲಿ ನಿಂತ ವಿಮಾನದ ಬಣ್ಣ ಮಾಸುತ್ತದೆ, ಮತ್ತೆ ಬಳಿಯುವಾಗ ಬೇರೆ ಡಬ್ಬ ಬರುತ್ತದೆ. ಕಸ್ತೂರ್ಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ, ನಿಮ್ಮ ಮನೆಗೆ ಹತ್ತಿರದ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ನಿಂತಿದೆ, ಆದರೆ ಮ್ಯೂಸಿಯಂ ವಿಮಾನಕ್ಕೆ ಹಚ್ಚಿದ ಬಣ್ಣವೂ ಸಾಕ್ಷಿಯಾಗದು. ಸಾಲದ್ದಕ್ಕೆ, ಅದೇ ಡಬ್ಬದ ಬಣ್ಣ ಚಿಕ್ಕ ಮಾಡೆಲ್ ಮೇಲೆ ಗಾಢವಾಗಿ ಕಾಣುತ್ತದೆಂದು ಎಷ್ಟೋ ಜನ ಬೇಕೆಂತಲೇ ಸ್ವಲ್ಪ ತಿಳಿಮಾಡಿ ಬಳಿಯುತ್ತಾರೆ. ನಿಮ್ಮ ಕಣ್ಣಿಗೆ ಸರಿಕಂಡ ಹಸಿರನ್ನು ಬಳಿಯಿರಿ. ಆ ವಿಮಾನಗಳು ತಲೆಯ ಮೇಲೆ ಹಾರುತ್ತಿದ್ದ ಬಡಾವಣೆಯಲ್ಲಿ ಬೆಳೆದವರು ನೀವು, ಅವನಲ್ಲ.

ಜಾಯಿಂಟ್. ಇಲ್ಲಿ ಅವನು ಸರಿ. ಫೋಟೊ ಇಲ್ಲದೆಯೂ ನಾನು ಹಾಗನ್ನುವುದೇಕೆಂದರೆ, ನಿಮ್ಮ ಪತ್ರದಲ್ಲಿ ಹಸಿರಿನ ಬಗ್ಗೆ ಸಂಕಟವಿದೆ, ಜಾಯಿಂಟ್ ಬಗ್ಗೆ ಅವನ ಮಾತು ಬಿಟ್ಟರೆ ನಿಮ್ಮದೊಂದು ಮಾತೂ ಇಲ್ಲ. ಸೂಪರ್ ಗ್ಲೂ ತುಂಬಿಸಿ, ಗಟ್ಟಿಯಾದ ಮೇಲೆ 600, ಆಮೇಲೆ 1000 ಎಮರಿಯಲ್ಲಿ ನೀರು ಹಾಕಿ ಉಜ್ಜಿ, ಬೂದು ಪ್ರೈಮರ್ ಹೊಡೆದರೆ ಉಳಿದ ಗೆರೆ ಇದ್ದಲ್ಲೇ ಕಾಣುತ್ತದೆ. ಒಂದು ಸಂಜೆಯ ಕೆಲಸ.

ಹುಡುಗ ಹೇಳಿದ ರೀತಿ ನನಗೂ ಹಿಡಿಸಲಿಲ್ಲ. ಹಿರಿಯರ ಕೆಲಸವನ್ನು ನಾಲ್ಕು ಜನರ ಮುಂದೆ ಫೋಟೊ ಹಿಡಿದು ಅಳೆಯುವುದು ಒರಟುತನವೇ. ಆದರೂ ಅವನ ಪರವಾಗಿ ಒಂದು ಮಾತು. ಮುಗಿದ ವಸ್ತುವನ್ನು ಮೇಜಿನ ಮೇಲಿಟ್ಟರೆ ನೋಡುವವರಿಗೆ ಉಳಿಯುವುದು ತೀರ್ಪು ಹೇಳುವ ಕೆಲಸ ಮಾತ್ರ. ಅರ್ಧ ಕಟ್ಟಿದ್ದನ್ನು ಒಯ್ದರೆ ಎಲ್ಲರ ಕೈಯೂ ಚಾಚುತ್ತದೆ. ಒಬ್ಬರು ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಬ್ಯಾಗಿನಿಂದ ಮಾಸ್ಕಿಂಗ್ ಟೇಪ್ ತೆಗೆಯುತ್ತಾರೆ. ಮುಂದಿನ ಭಾನುವಾರ ಮಾರುತ್‌ನ್ನು ಈಗಿರುವ ಹಾಗೇ, ಬಣ್ಣ ಕೆರೆದ ಸ್ಥಿತಿಯಲ್ಲೇ ಒಯ್ಯಿರಿ. ಅವನ ಪಕ್ಕದಲ್ಲೇ ಕೂತು, “ಈ ಜಾಯಿಂಟ್ ನೀನು ಹೇಗೆ ತುಂಬಿಸ್ತೀಯಪ್ಪ, ತೋರಿಸು” ಅನ್ನಿ. ನಿಮ್ಮ ಗಂಟಲಲ್ಲಿ ಈ ವಾಕ್ಯ ಸಿಕ್ಕಿಕೊಳ್ಳುತ್ತದೆ, ಗೊತ್ತು. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ.

ಇನ್ನು ಕೆರೆಯುವ ಕೈಯನ್ನು ನಿಲ್ಲಿಸುವುದು. ಕಾರ್ಖಾನೆಯಿಂದ ನನ್ನ ಬಳಿ ಬಂದವರೊಬ್ಬರು ನನಗೊಂದು ಪದ ಕಲಿಸಿದರು, ಕನ್ಸೆಷನ್. ಒಂದು ಭಾಗ ಡ್ರಾಯಿಂಗ್‌ಗೆ ಹೊಂದದಿದ್ದರೆ ನೇರ ಸ್ಕ್ರಾಪಿಗೆ ಹಾಕುವುದಿಲ್ಲ, ವ್ಯತ್ಯಾಸ ಎಷ್ಟು, ಅಪಾಯವೇನು ಎಂದು ಬರೆದು, ತೂಗಿ ನೋಡಿ, ಪರವಾಗಿಲ್ಲ ಎನಿಸಿದರೆ ಸಹಿ ಹಾಕಿ ಮುಂದಕ್ಕೆ ಬಿಡುತ್ತಾರಂತೆ. ನಿಮಗೆ ನಾನು ಹೇಳಿಕೊಡಬೇಕೆ? ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಇನ್ನು ಮುಂದೆ ಎಮರಿ ಎತ್ತಿಕೊಳ್ಳುವ ಮುಂಚೆ ಅದರಲ್ಲಿ ಒಂದು ಸಾಲು ಬರೆಯಬೇಕು: ದೋಷ ಏನು, ಎಷ್ಟು ಮಿಲಿಮೀಟರ್, ಒಂದಡಿ ದೂರದಿಂದ ಕಾಣುತ್ತದೆಯೆ. ಕಾಣುವುದಾದರೆ ಸರಿಮಾಡಿ, ಒಂದೇ ಸಲ. ಕಾಣದಿದ್ದರೆ ‘ಕನ್ಸೆಷನ್’ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿ. ನಿಮ್ಮದೇ ಸಹಿ, ಹುಡುಗನದಲ್ಲ.

ಅಷ್ಟಕ್ಕೂ ಮಾರುತ್ ಎಂಬುದೇ ಹಾಗೆ ಬಿಟ್ಟುಕೊಟ್ಟು ಹಾರಿದ ವಿಮಾನ. ನಿಮ್ಮ ಗುಂಪಿನವರು ಜರ್ಮನಿಯ ಫೋಕ್ ವುಲ್ಫ್ 190 ಕಿಟ್ ಕಟ್ಟಿಯೇ ಇರುತ್ತಾರೆ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಇಲ್ಲಿನ ಎಂಜಿನಿಯರರ ಜೊತೆ ಕೂತು ಮಾಡಿದ್ದು ಮಾರುತ್. ಲೋಹದ ವಿಮಾನಕ್ಕೆ ಮೊದಲು 1959ರಲ್ಲಿ ಎಂಜಿನ್ನಿಲ್ಲದ, ಪೂರ್ತಿ ಗಾತ್ರದ ಮರದ ಗ್ಲೈಡರ್ ಕಟ್ಟಿ ಡಕೋಟ ವಿಮಾನಕ್ಕೆ ಹಗ್ಗ ಬಿಗಿದು ಹಾರಿಸಿ ನೋಡಿದರು. ಅದೂ ಒಂದು ಮಾಡೆಲ್ಲೇ, 1:1 ಅಳತೆಯದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್‌ನ್ನು ಮೊದಲ ಸಲ ಮೇಲಕ್ಕೊಯ್ದರು. ಅವರ ಹೆಸರಿನ ರಸ್ತೆಯಲ್ಲಿ ನೀವು ಎಷ್ಟು ಸಾವಿರ ಸಲ ಸೈಕಲ್ ತುಳಿದಿದ್ದೀರೋ. ಆ ವಿಮಾನವನ್ನು ಯಾವ ಎಂಜಿನ್ನಿಗೆಂದು ಲೆಕ್ಕ ಹಾಕಿದ್ದರೋ ಆ ಎಂಜಿನ್ ಬರಲೇ ಇಲ್ಲ. ಕಡಿಮೆ ಬಲದ ಎರಡು ಆರ್ಫಿಯಸ್ 703 ಕೂರಿಸಿದರು. ಬಯಸಿದ ವೇಗ ದಕ್ಕಲಿಲ್ಲ. ಆದರೂ ವಾಯುಪಡೆಗೆ ಸೇರಿತು, 1971ರ ಯುದ್ಧಕ್ಕೆ ಹೋಯಿತು. ಇದರ ಸುದ್ದಿ ನಿಮ್ಮ ಮನೆಯ ಊಟದ ಹೊತ್ತಿನಲ್ಲಿ ಬಂದಿರಲೇಬೇಕು.

ಇದನ್ನು ಹೇಳಲು ಕಾರಣವಿದೆ. ಇಷ್ಟುದ್ದದ ಪತ್ರದಲ್ಲಿ ನಿಮ್ಮ ತಂದೆಯವರು ಬರುವುದು ಒಂದೇ ಸಲ, ಅದೂ ‘ಆದ್ದರಿಂದ’ ಎಂಬುದರೊಳಗೆ ಮರೆಯಾಗಿ. ಬೀರುವಿನಲ್ಲಿ 40 ಕಿಟ್ ಇರುವಾಗ ನೀವು ಬೇರೆ ಯಾವ ವಿಮಾನಕ್ಕೂ ನಾಲ್ಕು ಸಲ ಬಣ್ಣ ಕೆರೆದಿಲ್ಲ. ಹುಡುಗ ತಪ್ಪು ಹೇಳಿದ್ದು ಒಂದು ರೆಸಿನ್ ಮಾಡೆಲ್‌ಗೆ. ನಿಮ್ಮ ಕಿವಿಗೆ ಕೇಳಿಸಿದ್ದು ಅಪ್ಪ ರಿವೆಟ್ ಹೊಡೆದ ರೆಕ್ಕೆಗೆ. ಗುಂಪಿನಲ್ಲಿ ಯಾರಿಗಾದರೂ ಅವರ ವಿಷಯ ಹೇಳಿದ್ದೀರಾ? ಇಲ್ಲವೆಂದೇ ನನ್ನ ಊಹೆ. ಹೇಳಿದ್ದರೆ ಆ ಹುಡುಗ ಫೋಟೊ ಕೆಳಗಿಟ್ಟು ನಿಮ್ಮನ್ನು ಸಾವಿರ ಪ್ರಶ್ನೆ ಕೇಳುತ್ತಿದ್ದ. ಇಂಥ ಹುಡುಗರಿಗೆ ಫೋಟೊದಲ್ಲಿ ಸಿಗದ ಸಂಗತಿ ಎಂದರೆ ಪ್ರಾಣ.

ನಿದ್ದೆ ಇನ್ನೂ ಒಂದು ತಿಂಗಳು ಹೀಗೇ ಕೆಟ್ಟರೆ, ಅಥವಾ ವಿಮಾನ ಬಿಟ್ಟು ಬೇರೆ ವಿಷಯಕ್ಕೂ ಮನಸ್ಸು ಏಳದಾದರೆ, ಡಾಕ್ಟರನ್ನು ಕಾಣಿ. ನಿವೃತ್ತಿಯ ಮೊದಲ ವರ್ಷ ಅನೇಕರಿಗೆ ಕಷ್ಟದ್ದೇ. ಕಿಟ್‌ಗಳ ಬೆಲೆ ಮನೆಯವರಿಗೆ ಗೊತ್ತಿಲ್ಲದಿದ್ದರೆ ಒಂದು ದಿನ ಹೇಳಿಬಿಡಿ. ಆಮೇಲೆ ಆಗುವುದಕ್ಕೆ ನಾನು ಹೊಣೆಯಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ತಂದೆಯವರ ಟೋಕನ್ ನಂಬರ್ ನಿಮಗೆ ನೆನಪಿರಬಹುದು, ಅಂಥ ಸಂಖ್ಯೆಗಳು ಮನೆಯ ಮಕ್ಕಳಿಗೆ ಮರೆಯುವುದಿಲ್ಲ. ಹಸಿರು ಬಳಿದು, ಡೆಕಾಲ್ ಅಂಟಿಸಿ, ವಾರ್ನಿಷ್ ಆರಿದ ಮೇಲೆ, ನಿಮ್ಮಲ್ಲಿರುವ ಅತಿ ಸಣ್ಣ ಬ್ರಷ್‌ನಲ್ಲಿ ಆ ಸಂಖ್ಯೆಯನ್ನು ಚಕ್ರದ ಗೂಡಿನ ಬಾಗಿಲಿನ ಒಳಮೈಗೆ ಬರೆಯಿರಿ. ಮೇಜಿನ ಮೇಲಿಟ್ಟರೆ ಯಾರಿಗೂ ಕಾಣದು. ಆ ಹುಡುಗ ಮಾತ್ರ ಮಾಡೆಲ್ ಬೋರಲು ಹಾಕಿ, ಮೊಬೈಲ್ ಟಾರ್ಚ್ ಬಿಟ್ಟು ನೋಡೇ ನೋಡುತ್ತಾನೆ. “ಸರ್, ಇದೇನಿದು ನಂಬರ್? ಫೋಟೊದಲ್ಲಿ ಇಲ್ವಲ್ಲ” ಅನ್ನುತ್ತಾನೆ.