ಮಿರಜಿಗೆ ದುಡ್ಡು ಕಳಿಸುವ ಮುನ್ನ

ತಂಗೀ, ನೀನೂ ನಿನ್ನ ಗೆಳತಿಯರೂ ಅಮೆರಿಕದಲ್ಲಿ ಒಂದು ಸಣ್ಣ ಸೇವಾ ಸಂಸ್ಥೆ ಹುಟ್ಟುಹಾಕಿ, ಸಾಂಗಲಿ-ಮಿರಜ ಸೀಮೆಯ ಬಡವರ ಔಷಧಕ್ಕೂ ಓದಿಗೂ ನೆರವಾಗಬೇಕು ಅಂತ ಹೊರಟಿದ್ದೀರಿ ಎಂದು ಕೇಳಿ ಭಾಳ ಸಂತೋಷವಾಯಿತು. ಮೊದಲ ಯೋಜನೆ ದವಾಖಾನೆಯ ಕಟ್ಟಡ ಎಂದು ಬರೆದಿದ್ದೀಯ. ಅದೊಂದನ್ನು ಕೈಬಿಡು ಎಂದು ಹೇಳಲಿಕ್ಕೇ ಈ ಪತ್ರ.

ಹೊರದೇಶದ ದುಡ್ಡು ಮಿರಜಿಗೆ ಹೊಸದಲ್ಲ. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ ಪರವಾಗಿ ಈ ಕಡೆ ಬಂದರು. 1894ರಲ್ಲಿ ಮಿರಜಿನ ದವಾಖಾನೆ ಶುರುವಾಯಿತು. ಎಲ್ಲರೂ ಆ ಕಟ್ಟಡ ತೋರಿಸುತ್ತಾರೆ. ನನಗೆ ದೊಡ್ಡದೆನಿಸುವುದು ಬರೀ ಮೂರು ವರ್ಷದೊಳಗೆ, 1897ರಲ್ಲಿ, ಅವರು ಅಲ್ಲೇ ವೈದ್ಯಕೀಯ ಶಾಲೆ ತೆರೆದದ್ದು. ಎಷ್ಟು ಕತ್ತರಿ ಹಿಡಿದರೂ ಒಬ್ಬ ಸರ್ಜನ್ನನಿಗೆ ಇರುವುದು ಎರಡೇ ಕೈ. ಊರವರಿಗೇ ವಿದ್ಯೆ ಕಲಿಸಿದ್ದರಿಂದ ಕೆಲಸ ವಾನ್ಲೆಸ್ಸರ ಕಾಲಕ್ಕೆ ಮುಗಿಯಲಿಲ್ಲ. ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆ ಜಡ್ಡು ಬಲಿತರೆ ಇವತ್ತಿಗೂ ‘ಮಿರಜಿಗೆ ಒಯ್ರಿ’ ಅನ್ನುತ್ತಾರಲ್ಲ, ಅದರ ಬೇರು ಅಲ್ಲಿದೆ.

ಹಾಗಾದರೆ ನೀವು ಮಾಡಬೇಕಾದ್ದೇನು? ಸಾಂಗಲಿ ಜಿಲ್ಲೆಯದೇ ಜತ್ತ ತಾಲೂಕಿಗೆ ಹೋಗು. ನಮ್ಮ ಭಾಷೆಯ ಹಳ್ಳಿಗಳು, ಕನ್ನಡ ಸಾಲಿಗಳು, ಮಳೆ ಕಡಿಮೆಯ ನೆಲ. ಅಲ್ಲಿ ಹನ್ನೆರಡನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರಿದ್ದಾರೆ. ಅಂಥವಳೊಬ್ಬಳ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಓದಿನ ಫೀ, ಹಾಸ್ಟೆಲ್ಲು, ಪುಸ್ತಕ ಪೂರ್ತಿ ಹೊರಿರಿ. ಹತ್ತು ಮಂದಿಗೆ ಅರ್ಧರ್ಧ ಕೊಟ್ಟು ನಡುವೆ ಕೈಬಿಡುವುದು ಬೇಡ. ನಡುವೆ ಓದು ಬಿಟ್ಟ ಹುಡುಗಿಗೆ ಮರುವರ್ಷವೇ ಮದುವೆ ಮಾಡಿಬಿಡುತ್ತಾರೆ. ಓದಿ ಮುಗಿಸಿ ಆಕೆ ಪುಣೆಗೋ ದುಬೈಗೋ ಹೋದರೂ ಬೇಸರ ಪಡಬೇಡ, ಮನೆ ನಿಲ್ಲುತ್ತದೆ, ತಂಗಿ ಓದುತ್ತಾಳೆ.

ಎರಡನೆಯದು, ಮಿರಜಿನಲ್ಲಿ ಕನ್ನಡ-ಮರಾಠಿ ಎರಡೂ ಬಲ್ಲ ಒಬ್ಬ ಸಹಾಯಕಿಗೆ ಸಂಬಳ ಕೊಡಿರಿ. ಮಹಾರಾಷ್ಟ್ರದಲ್ಲಿ ಟ್ರಸ್ಟಿನ ದೊಡ್ಡ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಇನ್ನೂ 10 ಹಾಸಿಗೆ ರಿಯಾಯಿತಿಯಲ್ಲಿ ಕೊಡಬೇಕು. ಇದು ಹೈಕೋರ್ಟ್ ಆದೇಶದಿಂದ 2006ರಲ್ಲಿ ಬಂದ ಯೋಜನೆ. ಜತ್ತದ ಕೂಲಿಯವನಿಗೆ ಇದು ಯಾರಿಂದ ಗೊತ್ತಾಗಬೇಕು? ಅವನು ಎಮ್ಮೆ ಮಾರಿ ಬಿಲ್ಲು ಕಟ್ಟುತ್ತಾನೆ. ತಹಸೀಲ್ದಾರರಿಂದ ಆದಾಯದ ದಾಖಲೆ ತರಿಸಿ, ಅರ್ಜಿ ಬರೆದು, ಕೌಂಟರಿನ ಮುಂದೆ ಅವನ ಜೊತೆ ನಿಲ್ಲುವವರೊಬ್ಬರಿದ್ದರೆ ನೀವು ಒಂದು ಆಪರೇಶನ್ನಿಗೆ ಕೂಡಿಸುವ ಹಣದಲ್ಲಿ ಎಷ್ಟೋ ಮನೆ ಉಳಿಯುತ್ತವೆ.

ಕಾನೂನನ್ನು ಮಾತ್ರ ಹಗುರ ಮಾಡಬೇಡ. ಅಮೆರಿಕದ ನಿಮ್ಮ ಸಂಸ್ಥೆ ಕಳಿಸುವ ಹಣ ವಿದೇಶಿ ದೇಣಿಗೆಯೇ. ಅಲ್ಲಿಯ ಪೌರತ್ವ ಪಡೆದವರು ನೇರವಾಗಿ ಕೊಟ್ಟರೂ, ಓಸಿಐ ಕಾರ್ಡಿದ್ದರೂ ಹಾಗೆಯೇ. ಪಡೆಯುವ ಟ್ರಸ್ಟಿಗೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. ಹೊಸ ಟ್ರಸ್ಟಿಗೆ ಅದು ಒಮ್ಮೆಲೇ ಸಿಗುವುದಿಲ್ಲ, ಮೂರು ವರ್ಷದ ಕೆಲಸ, ₹15 ಲಕ್ಷದ ಖರ್ಚು ತೋರಿಸಬೇಕು. 2020ರ ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆದ್ದರಿಂದ ನೋಂದಣಿ ಇದ್ದು, ತಾನೇ ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯನ್ನು ಹುಡುಕು. ಅವರ ಮೂರು ವರ್ಷದ ಆಡಿಟ್ ವರದಿ ಕೇಳಿ ಓದು. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬಾ.

ದೀಪಾವಳಿಗೆ ಬರುತ್ತೀಯಲ್ಲ, ಕ್ಯಾಮೆರಾ ಬಿಟ್ಟು ಬಾ. ಜತ್ತದ ಕನ್ನಡ ಸಾಲಿಯ ಗುರುಗಳನ್ನು ಮೊದಲು ಕಾಣೋಣ. ಯಾವ ಹುಡುಗಿ ಜಾಣೆ, ಯಾರ ಮನೆಯಲ್ಲಿ ಓದು ನಿಂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.